ಎರಡು ಗೇಣಿನ ಫ್ರಾಕು

ಹಡಗು ಹತ್ತಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಟೈಲರಮ್ಮನ ಗಂಡ ಆಗಲೇ ಲಿಫ್ಟಿನ ಗೋಡೆಗೆ ಕಿವಿ ಹಚ್ಚಿ ನಿಂತಿದ್ದ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನನ್ನು ಸಮುದ್ರದ ಮೇಲೆ ತಂದು ಬಿಟ್ಟರೂ ಅಷ್ಟೆ, ಮೋಡದ ಮೇಲೆ ತಂದು ಬಿಟ್ಟರೂ ಅಷ್ಟೆ. ಹನ್ನೆರಡು ಮಹಡಿಯ ಹಡಗು, ಆರು ಲಿಫ್ಟು. ಅವನಿಗೆ ಇನ್ನು ಯಾವ ದ್ವೀಪವೂ ಬೇಕಿರಲಿಲ್ಲ.

“ಎಂಟನೇ ಮಹಡೀಲಿ ಬಾಗಿಲು ಸ್ವಲ್ಪ ಎಳೀತಿದೆ ಕಣೇ. ಕೆಳಗೆ ಕಸ ಸಿಕ್ಕಿರಬೇಕು,” ಅಂದ.

“ರೀ, ಒಂದ್ಸಲ ಕಿಟಕಿಯಾಚೆ ನೋಡಿ. ಅದಕ್ಕೆ ಸಮುದ್ರ ಅಂತಾರೆ,” ಅಂದಳು ಟೈಲರಮ್ಮ.

ಹಿಂದೆ ನಿಂತಿದ್ದ ಬೇಕರಿ ಅಣ್ಣ ಹೊಟ್ಟೆ ಕುಣಿಸಿ ನಕ್ಕರು. ಈ ಪ್ರವಾಸದ ಯೋಚನೆ ಅವರದೇ. ಅವರು, ಅವರ ಹೆಂಡತಿ ಟೀಚರ್, ಟೈಲರಮ್ಮ, ಅವಳ ಗಂಡ, ಈ ನಾಲ್ವರದು ಇಪ್ಪತ್ತೆಂಟು ವರ್ಷದ ಸ್ನೇಹ. ಒಂದು ಕಾಲಕ್ಕೆ ಒಂದೇ ಕಟ್ಟಡದಲ್ಲಿ ಎದುರುಬದುರು ಬಾಡಿಗೆಗಿದ್ದವರು. ಟೀಚರ್ ನಾಲ್ಕು ವರ್ಷ ದೊಡ್ಡವರಾದ್ದರಿಂದ ಟೈಲರಮ್ಮನಿಗೆ ಅವರು ಅಕ್ಕ. ಎರಡೂ ಮನೆಯಲ್ಲಿ ಒಂದೇ ತಿಂಗಳು ಒಂದೊಂದು ಹೆಣ್ಣುಮಗು ಹುಟ್ಟಿತ್ತು. ಬೇಕರಿಯ ಬನ್ನು ತಿಂದು ತಿಂದು ಉರುಟಾಗಿದ್ದ ತಮ್ಮ ಮಗಳನ್ನು ದುಂಡಿ ಅಂತಲೂ, ಬನ್ನಿನ ಮೇಲಿನ ಎಳ್ಳನ್ನಷ್ಟೇ ಹೆಕ್ಕಿ ತಿಂದು ಮಿಕ್ಕಿದ್ದನ್ನು ದುಂಡಿಯ ಕೈಗೆ ತುರುಕುತ್ತಿದ್ದ ಟೈಲರಮ್ಮನ ಮಗಳನ್ನು ಗುಬ್ಬಿ ಅಂತಲೂ ಕರೆದವರು ಬೇಕರಿ ಅಣ್ಣನೇ. ಆ ಹೆಸರುಗಳು ಎಷ್ಟು ಅಂಟಿಕೊಂಡವೆಂದರೆ ಶಾಲೆಯಲ್ಲಿ ಹಾಜರಿ ಕರೆದಾಗ ಇಬ್ಬರೂ ಬೇರೆ ಯಾರನ್ನೋ ಕರೆದಂತೆ ಸುಮ್ಮನೆ ಕೂತಿರುತ್ತಿದ್ದರಂತೆ.

ಗುಬ್ಬಿ ಮೂರು ವರ್ಷದ ಹಿಂದೆ ಹೋಗಿಬಿಟ್ಟಳು. ನಾಲ್ಕೇ ದಿನದ ಜ್ವರ. ಇಪ್ಪತ್ತನಾಲ್ಕು ವಯಸ್ಸು.

ಅವತ್ತಿನಿಂದ ಮನೆಯಲ್ಲಿ ಆ ಹೆಸರು ನಿಂತುಹೋಯಿತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮೊದಲನೇ ತಿಂಗಳು ಟೈಲರಮ್ಮ ಒಂದು ಸಲ ಊಟಕ್ಕೆ ಕೂತಾಗ ಹೆಸರೆತ್ತಿದಳು, ಗಂಡ ಅರ್ಧ ತಟ್ಟೆ ಬಿಟ್ಟು ಎದ್ದು ಹೋಗಿ ಕೈ ತೊಳೆದುಕೊಂಡ. ಇನ್ನೊಂದು ಸಲ ಎತ್ತಿದಾಗ ಚಪ್ಪಲಿ ಮೆಟ್ಟಿ ಹೊರಗೆ ಹೋದವನು ಮೂರು ಗಂಟೆ ಬರಲಿಲ್ಲ. ಮೂರನೇ ಸಲ ಅವಳು ಎತ್ತಲಿಲ್ಲ. ಮಗಳು ಹೋದ ಸಂಕಟ ಒಂದು, ಮಗಳ ಮಾತಾಡುವ ಹಾಗಿಲ್ಲ ಅನ್ನುವ ಸಂಕಟ ಇನ್ನೊಂದು. ಎರಡನೆಯದು ದಿನಾ ಬೆಳಗಾದರೆ ಹೊಸದಾಗಿ ಎದ್ದು ಕೂರುತ್ತಿತ್ತು.

ಹೊರಗಾದರೂ ಯಾರ ಹತ್ತಿರ ಹೇಳಿಕೊಳ್ಳಬೇಕು? ಗುಬ್ಬಿಯನ್ನು ಹುಟ್ಟಿದ ದಿನದಿಂದ ಬಲ್ಲವರು ಟೀಚರ್ ಒಬ್ಬರೇ. ಹಿಂದೆ ವಾರಕ್ಕೆರಡು ಸಲ ಹೊಲಿಗೆ ಅಂಗಡಿಗೆ ಬಂದು ಸ್ಟೂಲು ಎಳೆದುಕೊಂಡು ಕೂರುತ್ತಿದ್ದ ಅವರೂ ಈಚೆಗೆ ತಿಂಗಳಿಗೊಮ್ಮೆ ಬಂದು, ನಿಂತೇ ಮಾತಾಡಿ, ಕೆಲಸ ಇದೆ ಅಂತ ಹೊರಟುಬಿಡುತ್ತಿದ್ದರು. ದುಂಡಿಯಂತೂ ಮದುವೆಯಾಗಿ ದೂರದ ಊರಿಗೆ ಹೋದವಳು ಒಂದು ವರ್ಷದಿಂದ ಒಂದು ಫೋನೂ ಮಾಡಿರಲಿಲ್ಲ. “ಚಿಕ್ಕಮ್ಮ, ಚಿಕ್ಕಮ್ಮ” ಅಂತ ಸೆರಗು ಹಿಡಿದು ತಿರುಗುತ್ತಿದ್ದ ಹುಡುಗಿ! ಇವಳೇ ಮಾಡಿದರೆ ಎತ್ತುತ್ತಲೇ ಇರಲಿಲ್ಲ. ಸತ್ತ ಗೆಳತಿಯ ಅಮ್ಮನನ್ನು ಎಷ್ಟು ದಿನ ಅಂತ ಕಟ್ಟಿಕೊಂಡಿರುತ್ತಾಳೆ ಅಂತ ಟೈಲರಮ್ಮ ತನಗೆ ತಾನೇ ಹೇಳಿಕೊಂಡಿದ್ದಳು. ಹೇಳಿಕೊಂಡ ಮಾತ್ರಕ್ಕೆ ಹೊಟ್ಟೆಯಲ್ಲಿನ ಉರಿ ಇಳಿಯುತ್ತದೆಯೇ?

ಹಾಗಾಗಿ ಬೇಕರಿ ಅಣ್ಣ “ಆರು ದಿನ, ನಾಲ್ಕು ದ್ವೀಪ, ನಾವು ನಾಲ್ಕೇ ಜನ” ಅಂದಾಗ ಅವಳು ಒಪ್ಪಿದ್ದು ದ್ವೀಪ ನೋಡುವ ಆಸೆಗಲ್ಲ. ಹಡಗಿನಲ್ಲಿ ಟೀಚರ್ ಎಲ್ಲಿಗೆ ಓಡಿಹೋಗುತ್ತಾರೆ? ಒಂದು ಮಧ್ಯಾಹ್ನ ಅಕ್ಕನ ಪಕ್ಕ ಕೂತು ಗುಬ್ಬಿಯ ವಿಷಯ ಮನಸಾರೆ ಮಾತಾಡಬೇಕು, ಅತ್ತರೂ ಸೈ, ನಕ್ಕರೂ ಸೈ. ಅವಳಿಗಿದ್ದದ್ದು ಇದೊಂದೇ ಆಸೆ.

ಮೊದಲನೇ ದ್ವೀಪದಲ್ಲೇ ಅವಳು ಪ್ರಯತ್ನಪಟ್ಟಳು. ಮೊಣಕಾಲವರೆಗೆ ನೀರಿನಲ್ಲಿ ಇಬ್ಬರೂ ಹೆಂಗಸರು ಕೈ ಹಿಡಿದು ನಿಂತಿದ್ದರು. ನೀರು ಬೆಚ್ಚಗಿತ್ತು, ಕೆಳಗಿನ ಮರಳು ಕಾಣುವಷ್ಟು ತಿಳಿಯಾಗಿತ್ತು. ದಡದಲ್ಲಿ ಬೇಕರಿ ಅಣ್ಣ ಹಡಗಿನ ಬ್ರೆಡ್ಡಿನ ಮರ್ಯಾದೆ ತೆಗೆಯುತ್ತಿದ್ದರು. ಹಿಟ್ಟು ಉಬ್ಬೋಕೆ ಬಿಟ್ಟೇ ಇಲ್ಲ, ಇದನ್ನ ಬ್ರೆಡ್ ಅಂದವರನ್ನ ಒಲೆಗೆ ಹಾಕಬೇಕು ಅಂತ.

“ಅಕ್ಕ, ನಮ್ಮೋಳು ಇದ್ದಿದ್ರೆ ನೀರಿಂದ ಆಚೆ ಬರ್ತಾನೇ ಇರಲಿಲ್ಲ ಅಲ್ವಾ?” ಅಂದಳು ಟೈಲರಮ್ಮ.

ಟೀಚರ್ ಕೈ ಒಮ್ಮೆ ಬಿಗಿಯಾಯಿತು. “ಅಯ್ಯೋ, ಅಲ್ನೋಡೇ, ನಿನ್ನ ಗಂಡ ಟೋಪಿ ಗಾಳಿಗೆ ಬಿಟ್ಟುಕೊಂಡರು!” ಅಂತ ಕೈ ಬಿಡಿಸಿಕೊಂಡು ದಡದ ಕಡೆ ಹೊರಟೇಬಿಟ್ಟರು. ಟೋಪಿ ಗಂಡನ ತಲೆಯ ಮೇಲೇ ಇತ್ತು.

ಸಂಜೆ ಊಟದ ಮೇಜಿನಲ್ಲೂ ಅದೇ ಕತೆ. ಮಾತು ಲಿಫ್ಟಿನಿಂದ ಬ್ರೆಡ್ಡಿಗೆ, ಬ್ರೆಡ್ಡಿನಿಂದ ಮಂಡಿನೋವಿಗೆ ಹೋಗುತ್ತಿತ್ತೇ ಹೊರತು ಮಕ್ಕಳ ಕಡೆ ತಲೆ ಹಾಕುತ್ತಿರಲಿಲ್ಲ. “ದುಂಡಿ ಹೇಗಿದಾಳೆ?” ಅಂತ ಅವಳೇ ಬಾಯಿಬಿಟ್ಟು ಕೇಳಿದಳು. “ಚೆನ್ನಾಗಿದಾಳೆ, ಚೆನ್ನಾಗಿದಾಳೆ,” ಅಂತ ಗಂಡಹೆಂಡತಿ ಒಟ್ಟಿಗೇ ಅಂದು, ಒಟ್ಟಿಗೇ ನೀರು ಕುಡಿದರು. ದ್ವೀಪ ಹತ್ತಿರವಾಗಿ ಫೋನಿಗೆ ಸಿಗ್ನಲ್ ಬಂದರೆ ಸಾಕು, ಬೇಕರಿ ಅಣ್ಣ ಹಡಗಿನಂಚಿನ ಕಂಬಿಯ ಹತ್ತಿರ ಓಡಿಹೋಗಿ ಬೆನ್ನು ತಿರುಗಿಸಿ ನಿಂತು ಏನೋ ನೋಡಿಕೊಂಡು ನಗುತ್ತಿದ್ದರು. ಇವಳು ಹೋದರೆ ಫೋನು ಜೇಬಿಗೆ. ತಾನು ಇವರಿಗೆ ಬೇಡವಾಗಿದ್ದೇನೆ, ಕನಿಕರಕ್ಕೆ ಕರಕೊಂಡು ಬಂದಿದ್ದಾರೆ ಅಂತ ಅವಳಿಗೆ ಅನ್ನಿಸಿಬಿಟ್ಟಿತು. ಅವತ್ತು ಅವಳು ಊಟ ಸೇರದೆ ಎದ್ದಳು.

ಎರಡನೇ ದ್ವೀಪದಲ್ಲಿ ಬಂದರಿನಿಂದ ಮೇಲಕ್ಕೆ ಒಂದು ಓಣಿ, ಓಣಿಯ ಎರಡೂ ಬದಿ ಬಟ್ಟೆ, ಚಿಪ್ಪು, ಬುಟ್ಟಿ ಮಾರುವ ಅಂಗಡಿಗಳು. ಗಂಡಸರು ಹಿಂದೆ ಉಳಿದರು. ಟೈಲರಮ್ಮ ಒಂದು ಅಂಗಡಿಯಲ್ಲಿ ಲೇಸು ಮುಟ್ಟಿ ನೋಡುತ್ತಾ ನಿಂತಿದ್ದಳು. ಎರಡು ಅಂಗಡಿ ಆಚೆ ಟೀಚರ್ ಕಂಡರು. ಅಂಗಡಿಯವಳಿಗೆ ಇವರ ಭಾಷೆ ಬಾರದು, ಇವರಿಗೆ ಅವಳದು ಬಾರದು. ಟೀಚರ್ ಎಡಗೈ ಮಡಚಿ ಮೊಣಕೈಯ ಒಳಮಡಿಕೆಯಿಂದ ಶುರುಮಾಡಿ, ಬಲಗೈ ಗೇಣು ಬಿಚ್ಚಿ, ಒಂದು, ಎರಡು ಅಂತ ಅಳೆದು, ಆಮೇಲೆ ಎರಡು ಬೆರಳು ಹಿಂದಕ್ಕೆ ತಂದು ತೋರಿಸಿದರು. ಅಂಗಡಿಯವಳು ಹಳದಿ ಬಣ್ಣದ ಒಂದು ಪುಟ್ಟ ಫ್ರಾಕು ತೆಗೆದಳು.

ಟೈಲರಮ್ಮ ಲೇಸು ಕೆಳಗಿಟ್ಟಳು.

ಮೂವತ್ತು ವರ್ಷದಿಂದ ಅವಳು ಹೊಲಿಯುವುದು ಮಕ್ಕಳ ಬಟ್ಟೆ ಮಾತ್ರ. ಮಗುವನ್ನು ಮನೆಯಲ್ಲೇ ಬಿಟ್ಟು ಬಟ್ಟೆ ಹೊಲಿಸಲು ಬರುವವರಲ್ಲಿ ಎರಡು ತರದವರಿರುತ್ತಾರೆ. ಉಡುಗೊರೆ ಕೊಡುವವರು “ಆರು ತಿಂಗಳ ಮಗು, ಏಳು ತಿಂಗಳ ಮಗು” ಅಂತ ತಿಂಗಳು ಹೇಳುತ್ತಾರೆ. ಮಗುವನ್ನು ಎತ್ತಿ ಆಡಿಸಿದವರು ತಿಂಗಳು ಹೇಳುವುದಿಲ್ಲ, ತೋಳು ಮಡಚಿ ತೋರಿಸುತ್ತಾರೆ. ಕುತ್ತಿಗೆ ಇಲ್ಲಿ, ಮಂಡಿ ಇಲ್ಲಿಗೆ ಬರುತ್ತೆ ಅಂತ. ಆ ಅಳತೆ ಒಂದು ಬೆರಳೂ ತಪ್ಪಿದ್ದನ್ನು ಅವಳು ಕಂಡಿಲ್ಲ. ಟೀಚರ್ ತೋಳಿಗೆ ಒಂದು ಮಗುವಿನ ಉದ್ದ ಬಾಯಿಪಾಠವಾಗಿತ್ತು.

“ಏನಕ್ಕ ತಗೊಂಡ್ರಿ?”

ಟೀಚರ್ ಬೆಚ್ಚಿ ಚೀಲ ಮುಚ್ಚಿದರು. “ಏನಿಲ್ಲ ಕಣೇ, ಬೇಕರಿಯಲ್ಲಿ ಕೆಲಸ ಮಾಡೋಳದೊಂದು ಕೂಸಿದೆ, ಅದಕ್ಕೆ.”

“ಹೌದಾ,” ಅಂದಳು ಟೈಲರಮ್ಮ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಹೆಂಗಸು, ಒಂದು ಸುಳ್ಳು ನೆಟ್ಟಗೆ ಹೇಳಲು ಕಲಿತಿರಲಿಲ್ಲ.

ಮಾರನೇ ದಿನ ಪೂರ್ತಿ ಸಮುದ್ರ, ದ್ವೀಪವಿಲ್ಲ. ಐದನೇ ಮಹಡಿಯಲ್ಲಿ ಪ್ರಯಾಣಿಕರಿಗೇ ಅಂತ ಬಟ್ಟೆ ಒಗೆಯುವ ಒಂದು ಕೋಣೆ ಇತ್ತು. ನಾಲ್ಕು ಮೆಷಿನ್ನು, ಎರಡು ಇಸ್ತ್ರಿ ಮೇಜು, ಮೂಲೆಯಲ್ಲೊಂದು ಸಿಂಕು. ಗಂಡನ ಅಂಗಿಗೆ ಇಸ್ತ್ರಿ ಹಾಕಲು ಹೋದ ಟೈಲರಮ್ಮನಿಗೆ ಅಲ್ಲಿ ಟೀಚರ್ ಸಿಕ್ಕರು. ಸಿಂಕಿನಲ್ಲಿ ಆ ಹಳದಿ ಫ್ರಾಕನ್ನು ಬರಿಗೈಯಲ್ಲಿ ಮೆಲ್ಲಗೆ ಕಿವುಚುತ್ತಿದ್ದರು. ಹೊಸ ಬಟ್ಟೆಯ ಗಂಜಿ ಹೋಗದೆ ಕೂಸಿನ ಮೈಗೆ ಹಾಕಬಾರದು ಅಂತ ಅವರಿಗೆ ಇಪ್ಪತ್ತೇಳು ವರ್ಷದ ಹಿಂದೆ ಹೇಳಿಕೊಟ್ಟವಳು ಇವಳೇ.

ಟೈಲರಮ್ಮ ಬಾಗಿಲು ಹಾಕಿದಳು.

“ಎಷ್ಟು ತಿಂಗಳು ಅಕ್ಕ?”

“ಏನು ಎಷ್ಟು ತಿಂಗಳು?”

“ದುಂಡಿ ಮಗೂಗೆ.”

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಟೀಚರ್ ಒದ್ದೆ ಫ್ರಾಕನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿದರು. “ಏಳು,” ಅಂದರು. ಅಷ್ಟು ಹೇಳುವಷ್ಟರಲ್ಲಿ ಅವರ ಮುಖವೆಲ್ಲ ಕಣ್ಣೀರಾಗಿತ್ತು.

“ಏಳು ತಿಂಗಳು,” ಅಂದಳು ಟೈಲರಮ್ಮ. “ಹೊಟ್ಟೇಲಿದ್ದದ್ದು ಒಂಬತ್ತು. ಇಷ್ಟೂ ದಿನ ನನ್ನ ಎದುರಿಗೆ ನಿಂತು ಮಳೆ ಬಿಸಿಲು ಅಂತ ಮಾತಾಡಿ ಹೋದ್ರಾ? ಓಣಿಯ ಮಕ್ಕಳಿಗೆಲ್ಲ ಹೊಲೀತೀನಿ. ದುಂಡಿ ಕೂಸಿಗೆ ಅಂಗಡಿಯಿಂದ ಕೊಂಡ ಫ್ರಾಕಾ? ಇದರ ಒಳಹೊಲಿಗೆ ನೋಡಿದೀರಾ? ಚುಚ್ಚುತ್ತೆ ಅದಕ್ಕೆ! ನನ್ನ ದೃಷ್ಟಿ ತಾಗುತ್ತೆ ಅಂತಾನಾ ಅಕ್ಕ? ಮಗಳನ್ನ ಕಳ್ಕೊಂಡೋಳು ಅಂತಾನಾ?”

“ಬಾಯಿಗೆ ಬಂದಂಗೆ ಮಾತಾಡಬೇಡ ಕಣೇ!” ಟೀಚರ್ ದನಿ ಒಡೆದಿತ್ತು. “ಬಸುರಿ ಅಂತ ಗೊತ್ತಾದ ದಿನಾನೇ ಓಡಿಬಂದೆ ನಿಮ್ಮನೆಗೆ. ನಿನ್ನ ಗಂಡ ಮೆಟ್ಟಿಲ ಮೇಲೇ ತಡೆದರು. ಕೈ ಮುಗಿದರು ಕಣೇ, ನನ್ನ ಮುಂದೆ. ಅವಳು ತಡ್ಕೊಳಲ್ಲ ಅಕ್ಕ, ಈಗ ತಾನೇ ಸ್ವಲ್ಪ ಚೇತರಿಸ್ಕೊಂಡಿದಾಳೆ, ಮಗುವಿನ ಸುದ್ದಿ ಎತ್ತಬೇಡಿ ಅಂದರು. ಅವರೇ ಹಾಗಂದಮೇಲೆ ನಾನು ಏನು ಮಾಡಲಿ? ನಿನ್ನ ಮುಂದೆ ಕೂತರೆ ಬಾಯಿ ತಪ್ಪುತ್ತೆ ಅಂತ ಬರೋದನ್ನೇ ಕಮ್ಮಿ ಮಾಡಿದೆ.”

“ದುಂಡಿ ಒಂದು ಫೋನಾದ್ರೂ…”

“ಅವಳು ಮಾಡಿ ಮಾಡಿ ಸೋತಳು. ನಿನ್ನ ಫೋನಲ್ಲಿ ಅವಳ ನಂಬರನ್ನ ನಿನ್ನ ಗಂಡ ಬ್ಲಾಕ್ ಮಾಡಿದಾರೆ. ನಿನ್ನ ಫೋನ್ ಎತ್ತಬೇಡ ಅಂತ ಅವಳಿಗೂ ಹೇಳಿಬಿಟ್ಟಿದಾರೆ, ನಿಮ್ಮ ಚಿಕ್ಕಮ್ಮನ ಒಳ್ಳೇದಕ್ಕೆ ಅಂತ.”

ಟೈಲರಮ್ಮ ನಲ್ಲಿ ನಿಲ್ಲಿಸಿದಳು. ಗಂಡನ ಅಂಗಿಯನ್ನು ಇಸ್ತ್ರಿ ಮೇಜಿನ ಮೇಲೆ ಹಾಗೇ ಬಿಟ್ಟು ಹೊರಟಳು.

ಅವನು ಎಂಟನೇ ಮಹಡಿಯ ಕಾಫಿ ಅಂಗಡಿಯಲ್ಲಿ, ಗಾಜಿನ ಪಕ್ಕದ ಕುರ್ಚಿಯಲ್ಲಿ ಒಬ್ಬನೇ ಕೂತಿದ್ದ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ?

“ನಿನಗೋಸ್ಕರ ಕಣೇ,” ಅಂದ, ಅವಳು ಕೇಳುವ ಮೊದಲೇ.

ಲಿಫ್ಟು ಕೆಟ್ಟರೆ ಅವನು ಮೊದಲು ಮಾಡುವುದು ರಿಪೇರಿಯಲ್ಲ. ಕರೆಂಟು ತೆಗೆದು, ಪ್ರತಿ ಮಹಡಿಯ ಬಾಗಿಲಿಗೂ ಬೋರ್ಡು ನೇತುಹಾಕಿ ಬರುತ್ತಾನೆ. ಯಾರೂ ತಿಳಿಯದೆ ಬಾಗಿಲು ತೆಗೆದು ಕೆಳಗೆ ಬೀಳಬಾರದು. ಅವನ ಕೈಯಲ್ಲಿ ಇಷ್ಟು ವರ್ಷದಲ್ಲಿ ಒಬ್ಬರೂ ಬಿದ್ದಿಲ್ಲ, ಅದು ಅವನ ಹೆಮ್ಮೆ. ಮನೆಯಲ್ಲೂ ಅವನು ಮಾಡಿದ್ದು ಅದನ್ನೇ. ಹೆಂಡತಿಯ ಸುತ್ತ ಒಂದೊಂದೇ ಬಾಗಿಲು ಮುಚ್ಚಿಕೊಂಡು ಬಂದು, ಅವಳು ಕ್ಷೇಮವಾಗಿದ್ದಾಳೆ ಅಂದುಕೊಂಡಿದ್ದ.

“ನನಗೋಸ್ಕರ?” ಅಂದಳು ಅವಳು. ಜೋರು ಮಾಡಲಿಲ್ಲ, ಪಕ್ಕದ ಮೇಜಿನಲ್ಲಿ ಜನರಿದ್ದರು. “ಮೂರು ವರ್ಷದಿಂದ ದಿನಾ ಯಾರದೋ ಕೂಸಿನ ಕಂಕುಳಿಗೆ ಟೇಪ್ ಹಿಡೀತಿದೀನಿ. ಎತ್ಕೊಂಡು, ಮುದ್ದು ಮಾಡಿ, ಅಳತೆ ಬರ್ಕೊಂಡು ಕಳಿಸ್ತೀನಿ. ನಾನು ಯಾವತ್ತು ಬಿದ್ದೆ? ಹೇಳ್ರೀ, ಯಾವತ್ತು ಬಿದ್ದೆ? ದುಂಡಿ ನನ್ನ ಮರೆತುಬಿಟ್ಟಳು ಅಂತ ನಾನು ಒಂದು ವರ್ಷ ಅತ್ತಿದೀನಿ, ನಿಮಗೆ ಕಾಣಬಾರದು ಅಂತ ಮೆಷಿನ್ ಓಡಿಸ್ಕೊಂಡು. ಇದಾ ನನ್ನ ಒಳ್ಳೇದು?”

ಅವನು ಗಾಜಿನ ಕಡೆ ತಿರುಗಿದ. “ಮಗೂಗೆ ಏನಂತ ಕರೀತಾರೆ, ಅಕ್ಕ ಹೇಳಿದ್ರಾ?” ಅಂದ.

“ಇಲ್ಲ.”

“ದುಂಡಿ ನನಗೆ ಫೋನ್ ಮಾಡಿದ್ಲು. ಆಸ್ಪತ್ರೆಯಿಂದಾನೇ. ಚಿಕ್ಕಪ್ಪ, ಮಗೂನ ಗುಬ್ಬಿ ಅಂತ ಕರೀಲಾ ಅಂತ ಕೇಳಿದ್ಲು.”

ಮೂರು ವರ್ಷದಲ್ಲಿ ಅವನ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. ಅವಳು ಮೇಜಿನ ಅಂಚು ಹಿಡಿದು ಎದುರಿನ ಕುರ್ಚಿಯಲ್ಲಿ ಕೂತಳು.

“ನೀವು ಏನಂದ್ರಿ?”

“ಹ್ಞೂಂ ಅಂದೆ. ಬೇಡ ಅನ್ನೋಕೆ ಬಾಯಿ ಬರಲಿಲ್ಲ, ಹೆತ್ತು ಮಲಗಿದ್ದ ಹುಡುಗಿ. ಆಮೇಲೆ ಯೋಚನೆ ಮಾಡಿದೆ. ಅವಳ ಹೆಸರು ಹಿಡಿದು ಕೂಗಿದರೆ ಬೇರೆ ಯಾವುದೋ ಕೂಸು ತಿರುಗಿ ನೋಡುತ್ತೆ. ಅದನ್ನ ನೀನು ಹೇಗೆ ತಡ್ಕೋತೀಯ?”

ಅವಳಿಗೆ ಸಿಟ್ಟು ಇಳಿದಿರಲಿಲ್ಲ. ಆ ಸಿಟ್ಟಿನ ಅಡಿಯಲ್ಲಿ ಏನೋ ಬೆಚ್ಚಗೆ ಹರಿಯತೊಡಗಿತ್ತು. ಎಲ್ಲೋ ಒಂದು ಮನೆಯಲ್ಲಿ ಬೆಳಗಿಂದ ಸಂಜೆಯವರೆಗೆ ಆ ಹೆಸರನ್ನು ಕೂಗುತ್ತಿದ್ದಾರೆ. ಹಾಲಿಗೆ, ಸ್ನಾನಕ್ಕೆ, ನಿದ್ದೆಗೆ. ತನ್ನ ಮನೆಯಲ್ಲಿ ಬಾಯಿ ಕಟ್ಟಿಸಿಕೊಂಡ ಹೆಸರು ಅಲ್ಲಿ ಓಡಾಡಿಕೊಂಡಿದೆ. ಅವಳು ತನ್ನ ಫೋನು ತೆಗೆದು ಅವನ ಮುಂದಿಟ್ಟಳು.

“ಬಿಡಿಸಿ ಅದನ್ನ.”

ಅವನು ಎರಡು ಸಲ ಒತ್ತಿದ, ಅಷ್ಟೆ. ಒಂದು ವರ್ಷವನ್ನು ತಡೆದು ನಿಲ್ಲಿಸಿದ್ದು ಅಷ್ಟೇ ಕೆಲಸ.

ಮರುದಿನ ಬೆಳಗ್ಗೆ ಹಡಗು ಮೂರನೇ ದ್ವೀಪಕ್ಕೆ ಬಂದು ನಿಂತಿತು, ಫೋನಿಗೆ ಸಿಗ್ನಲ್ ಬಂತು. ಅದೇ ಕಾಫಿ ಅಂಗಡಿ. ಟೈಲರಮ್ಮ ನಡುವೆ, ಆಚೆ ಈಚೆ ಟೀಚರ್, ಬೇಕರಿ ಅಣ್ಣ. ಗಂಡ ಬರಲೊಲ್ಲೆ ಅನ್ನಲಿಲ್ಲ, ಬಂದ. ಆದರೆ ಒಂದು ಮೇಜು ಬಿಟ್ಟು, ಬೆನ್ನು ಕೊಟ್ಟು, ಸಮುದ್ರದ ಕಡೆ ಮುಖ ಮಾಡಿ ಕೂತ. ಹಡಗಿನಿಂದ ಇಳಿಯುವವರೆಲ್ಲ ಆಗಲೇ ಇಳಿದಿದ್ದರು, ಕುರ್ಚಿಗಳು ಹೆಚ್ಚುಕಮ್ಮಿ ಖಾಲಿಯಾಗಿದ್ದವು.

ಮೊದಲನೇ ರಿಂಗಿಗೇ ದುಂಡಿ ಎತ್ತಿದಳು. ಪರದೆಯ ಮೇಲೆ ಅವಳ ಮುಖ ಬಂತು, ಬಂದ ಹಾಗೇ ಅಳುಮೋರೆಯಾಯಿತು.

“ಚಿಕ್ಕಮ್ಮಾ… ನನ್ನ ಮೇಲೆ ಕೋಪಾನಾ?”

“ಕೋಪ ಗೀಪ ಆಮೇಲೆ. ಎಷ್ಟು ಸೊರಗಿದೀಯೇ! ದುಂಡಿ ಅಂತ ಯಾವ ಬಾಯಲ್ಲಿ ಕರೀಲಿ ನಿನ್ನ?”

ಬೇಕರಿ ಅಣ್ಣ ನಗಲು ಹೋಗಿ ಕೆಮ್ಮಿದರು. ದುಂಡಿ ಮೂಗೊರೆಸಿಕೊಂಡು ಫೋನು ಕೆಳಗಿಳಿಸಿದಳು. ಚಾಪೆಯ ಮೇಲೆ ಒಂದು ಕೂಸು ಕೂತಿತ್ತು. ತೆಳ್ಳಗೆ ಕೂದಲು, ಉಬ್ಬಿದ ಕೆನ್ನೆ, ಅಮ್ಮನದೇ ಅಚ್ಚು. ಗುಬ್ಬಿಯ ಹಾಗೆ ಒಂದು ಚೂರೂ ಇರಲಿಲ್ಲ, ಇರಲು ಕಾರಣವೂ ಇರಲಿಲ್ಲ. ಅದು ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ತರುವ ಮಹತ್ತರ ಕೆಲಸದಲ್ಲಿ ಮುಳುಗಿತ್ತು, ಯಾರ ಕಡೆಯೂ ನೋಡಲಿಲ್ಲ.

“ಕರೀರಿ ಚಿಕ್ಕಮ್ಮ,” ಅಂದಳು ದುಂಡಿ. “ಹೆಸರು ಹಿಡಿದು ಕರೆದರೆ ನೋಡ್ತಾಳೆ.”

ಟೀಚರ್ ಟೈಲರಮ್ಮನ ಮೊಣಕೈ ಹಿಡಿದುಕೊಂಡರು. ಈ ಹೆಸರನ್ನು ಮೆತ್ತಗೆ ಕರೆದು ಅವಳಿಗೆ ಅಭ್ಯಾಸವೇ ಇಲ್ಲ. ಮೆಷಿನ್ನಿನ ಸದ್ದಿನ ಮೇಲೆ ಕೇಳಿಸಬೇಕಲ್ಲ, ಸೂಜಿಯಿಂದ ಕಣ್ಣೆತ್ತದೆ, ಕೊನೆಯನ್ನು ಎಳೆದು ಕೂಗುತ್ತಿದ್ದಳು. ಈಗಲೂ ಬಾಯಿಗೆ ಬಂದದ್ದು ಹಾಗೇ.

“ಗುಬ್ಬೀ…!”

ಅಂಗಡಿಯ ಆ ತುದಿಯವರೆಗೂ ಕೇಳಿಸಿತು. ಕೂಸು ಕಾಲು ಬಿಟ್ಟು ತಲೆಯೆತ್ತಿತು, ಎರಡು ಹಲ್ಲು ತೋರಿಸಿ ನಕ್ಕಿತು. ದುಂಡಿ ಕೈ ತಟ್ಟಿದಳು. ಟೀಚರ್ ಅಳುತ್ತಾ ನಗುತ್ತಿದ್ದರು. ಟೈಲರಮ್ಮನ ಎದೆಯಲ್ಲಿ ಮೂರು ವರ್ಷದಿಂದ ಸಿಕ್ಕಿಕೊಂಡಿದ್ದದ್ದು ಸಡಿಲವಾಯಿತು. ನೋವಿತ್ತು, ಆದರೆ ಅವಳು ಬೀಳಲಿಲ್ಲ. “ರೀ, ನೋಡಿ ಬನ್ನಿ ಇಲ್ಲಿ,” ಅನ್ನಲು ಅವಳು ಗಂಡನ ಕಡೆ ತಿರುಗಿದಳು.

ಅವನು ಕುರ್ಚಿಯಿಂದ ಅರ್ಧ ಎದ್ದಿದ್ದ. ಫೋನಿನ ಕಡೆ ನೋಡುತ್ತಿರಲಿಲ್ಲ, ಅವಳ ಕಡೆಯೂ ನೋಡುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದ. ಮನೆಯಲ್ಲಿ ಅವಳು ಹೀಗೆ ಕೂಗಿದಾಗಲೆಲ್ಲ ಓದುತ್ತಿದ್ದ ಪೇಪರಿನಿಂದ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದ. ಯಾಕಮ್ಮಾ ಅಂತ ಗೊಣಗಿಕೊಂಡು ಮಗಳು ಬರುವುದನ್ನು ಅಮ್ಮನಿಗಿಂತ ಮೊದಲು ನೋಡುತ್ತಿದ್ದವನು ಅವನು. ಈಗಲೂ ಮುಖದಲ್ಲಿ ಅದೇ ನಗು ಇನ್ನೇನು ಬರುವುದರಲ್ಲಿತ್ತು.

ಬಾಗಿಲಲ್ಲಿ ಯಾರೂ ಇರಲಿಲ್ಲ. ಅವನು ನೋಡುತ್ತಲೇ ಇದ್ದ. ಟೈಲರಮ್ಮ ಫೋನನ್ನು ಟೀಚರ್ ಕೈಗೆ ಕೊಟ್ಟು, ಎದ್ದು ಹೋಗಿ, ಅವನ ಭುಜ ಹಿಡಿದು ಮೆಲ್ಲಗೆ ಕುರ್ಚಿಗೆ ಕೂರಿಸಿದಳು.